ಹಳೆ ಬುಲೆಟ್ಟಿಗೆ ಡಬಲ್ ಸ್ಟ್ಯಾಂಡ್ ಹಾಕುವುದು ಹೇಗೆ?

"ಅಪ್ಪನ ಬುಲೆಟ್ ಓಡಿಸೋಕೆ ಬರುತ್ತೆ, ಡಬಲ್ ಸ್ಟ್ಯಾಂಡ್ ಹಾಕೋಕೆ ಮಾತ್ರ ಬರಲ್ಲ, ಏನು ಮಾಡಲಿ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ತೆಳ್ಳಗಿನವರೂ ಇದ್ದಾರೆ, ಜಿಮ್ಮಿಗೆ ಹೋಗಿ ತೋಳು ಬೆಳೆಸಿದವರೂ ಇದ್ದಾರೆ. ಈ ಎರಡನೆಯವರಿಗೇ ಸಿಟ್ಟು ಜಾಸ್ತಿ. ಅವರು ಉಸಿರು ಕಟ್ಟಿ ಎಳೆದರೂ ಗಾಡಿ ಜಪ್ಪಯ್ಯ ಅಂದರೂ ಕದಲುವುದಿಲ್ಲ, ಗ್ಯಾರೇಜಿನ ಸಣಕಲು ಹುಡುಗ ಬಂದು ಒಂದು ಕಾಲಿಟ್ಟು ನಿಲ್ಲಿಸಿ ಹೋಗುತ್ತಾನೆ.

ಆ ಹುಡುಗ ಗಾಡಿಯನ್ನು ಎತ್ತುವುದೇ ಇಲ್ಲ. ಗಾಡಿ ತಾನಾಗಿ ಸ್ಟ್ಯಾಂಡಿನ ಮೇಲೆ ಹತ್ತುವ ಹಾಗೆ ಮಾಡುತ್ತಾನೆ, ಅಷ್ಟೇ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲಿಗೆ ಯಾವ ಗಾಡಿ ಅಂತ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವುದು ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ತಯಾರಾದ ಹಳೆ ಕಾಸ್ಟ್ ಐರನ್ ಬುಲೆಟ್ 350 ಬಗ್ಗೆ. ಸಿಲಿಂಡರ್ ಬ್ಲಾಕು ಎರಕದ ಕಬ್ಬಿಣದ್ದು, ಅದಕ್ಕೇ ಆ ಹೆಸರು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಬಲಗಡೆ ಸೈಲೆನ್ಸರ್. ತೂಕ ಸುಮಾರು 165 ಕಿಲೋ. ಪೂರ್ತಿ ಟ್ಯಾಂಕ್ ಪೆಟ್ರೋಲಿನದ್ದೇ ಹತ್ತು ಕಿಲೋ ಆಗುತ್ತದೆ. ನಿಮ್ಮದು ಮೈಸೂರಿನ ಜಾವಾ ಅಥವಾ ಯೆಜ್ಡಿ ಆದರೆ ವಿಧಾನ ಅದೇ, ಆದರೆ ಒಂದೆರಡು ಕಡೆ ಹುಷಾರಾಗಿರಬೇಕು. ಅದನ್ನು ಮುಂದೆ ಹೇಳುತ್ತೇನೆ.

ಸೈಡ್ ಸ್ಟ್ಯಾಂಡ್ ಇದೆಯಲ್ಲ, ಡಬಲ್ ಸ್ಟ್ಯಾಂಡ್ ಯಾಕೆ ಅಂತ ಕೇಳುವವರೂ ಇದ್ದಾರೆ. ಚೈನು ಟೈಟ್ ಮಾಡಬೇಕು, ಚೈನಿಗೆ ಆಯಿಲ್ ಬಿಡಬೇಕು ಅಂದರೆ ಹಿಂದಿನ ಚಕ್ರ ಗಾಳಿಯಲ್ಲಿ ತಿರುಗಬೇಕು. ಎಂಜಿನ್ ಆಯಿಲ್ ಎಷ್ಟಿದೆ ಅಂತ ನೋಡಲು ಗಾಡಿ ನೆಟ್ಟಗೆ ನಿಂತಿರಬೇಕು, ವಾಲಿಕೊಂಡಿದ್ದರೆ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಹಿಂದಿನ ಚಕ್ರ ಪಂಕ್ಚರ್ ಆಯಿತು ಅಂದರೆ ಇವೆಲ್ಲ ಟ್ಯೂಬ್ ಟೈರುಗಳು, ಸಾಮಾನ್ಯವಾಗಿ ಚಕ್ರ ಬಿಚ್ಚಬೇಕಾಗುತ್ತದೆ. ಮಳೆಗಾಲ ಪೂರ್ತಿ ಗಾಡಿ ಶೆಡ್ಡಿನಲ್ಲೇ ನಿಲ್ಲುತ್ತದೆ ಅಂದರೂ ಡಬಲ್ ಸ್ಟ್ಯಾಂಡೇ ಒಳ್ಳೆಯದು.

ಒಳಗೆ ಏನಾಗುತ್ತದೆ?

ಈ ಭಾಗ ಬಿಟ್ಟು ಮುಂದಕ್ಕೆ ಹಾರಬೇಡಿ. ಇದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಸ್ಟ್ಯಾಂಡಿನ ಎರಡು ಕಾಲುಗಳು ಎಂಜಿನ್ನಿನ ಹಿಂಭಾಗದ ಕೆಳಗೆ ಚಾಸಿಸ್ಸಿಗೆ ಒಂದು ಪಿನ್ನಿನ ಮೇಲೆ ಸಿಕ್ಕಿಕೊಂಡಿರುತ್ತವೆ. ಗಾಡಿ ಓಡುವಾಗ ಅವು ಹಿಂದಕ್ಕೆ ಮಡಚಿಕೊಂಡಿರುತ್ತವೆ, ಸ್ಪ್ರಿಂಗ್ ಅವನ್ನು ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಎಡಗಡೆಯ ಕಾಲಿನಿಂದ ಹೊರಕ್ಕೆ ಚಾಚಿಕೊಂಡ ಒಂದು ಕಬ್ಬಿಣದ ತುಂಡು ಕಾಣುತ್ತದಲ್ಲ, ಅದು ಪಾದ ಇಟ್ಟು ತುಳಿಯುವುದಕ್ಕೆ. ಇಲ್ಲಿ ಅದನ್ನು ಮೆಟ್ಟು ಅಂತ ಕರೆಯುತ್ತೇನೆ.

ಮೆಟ್ಟು ತುಳಿದಾಗ ಸ್ಟ್ಯಾಂಡಿನ ಎರಡೂ ಪಾದ ನೆಲಕ್ಕೆ ತಾಗುತ್ತವೆ. ಆಮೇಲೆ ಸ್ಟ್ಯಾಂಡು ಅಲ್ಲೇ ನೆಟ್ಟುಕೊಂಡು ನಿಲ್ಲುತ್ತದೆ, ಸರಿಯುವುದು ಗಾಡಿ. ಅದು ಹಿಂದಕ್ಕೆ ಸರಿಯುತ್ತಾ ಸ್ಟ್ಯಾಂಡಿನ ಮೇಲೇರುತ್ತದೆ, ಸ್ಟ್ಯಾಂಡು ನೆಟ್ಟಗಾದಾಗ ಅತ್ಯಂತ ಮೇಲೆ ಬರುತ್ತದೆ, ಅಲ್ಲಿಂದ ಕೂದಲೆಳೆಯಷ್ಟು ಕೆಳಗಿಳಿದು ಟಕ್ ಅಂತ ಕೂತುಬಿಡುತ್ತದೆ. ಅಂದರೆ ಗಾಡಿ ಮೇಲಕ್ಕೆ ಹೋಗಬೇಕಾದರೆ ಹಿಂದಕ್ಕೂ ಹೋಗಬೇಕು. ಹಿಂದಕ್ಕೆ ಹೋಗದಂತೆ ನೀವೇ ತಡೆದು ಮೇಲಕ್ಕೆ ಮಾತ್ರ ಎಳೆದರೆ ಭೀಮ ಬಂದರೂ ಆಗುವುದಿಲ್ಲ.

ಇನ್ನೊಂದು ವಿಷಯ. ಭಾರ ಅನ್ನಿಸುವುದು ಮೊದಲ ಅರ್ಧದಲ್ಲಿ ಮಾತ್ರ. ಸ್ಟ್ಯಾಂಡು ನೆಟ್ಟಗಾಗುತ್ತಾ ಬಂದ ಹಾಗೆಲ್ಲ ತುಳಿತಕ್ಕೆ ಬಲ ಜಾಸ್ತಿ ಸಿಗುತ್ತದೆ, ಗಾಡಿ ಹಗುರಾಗುತ್ತದೆ. ಬಹಳ ಜನ ಸೋಲುವುದು ಇಲ್ಲೇ. ಮೊದಲ ಭಾರಕ್ಕೆ ಹೆದರಿ ನಡುವೆ ಕಾಲು ಸಡಿಲ ಬಿಡುತ್ತಾರೆ, ಗಾಡಿ ವಾಪಸ್ ಬೀಳುತ್ತದೆ, "ಇದು ನನ್ನ ಕೈಲಾಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಏನೇನು ಬೇಕು?

ಶೂ ಬೇಕು, ಅಡಿ ಗಟ್ಟಿ ಇರುವಂಥದ್ದು. ಹವಾಯಿ ಚಪ್ಪಲಿಯಲ್ಲಿ ದಯವಿಟ್ಟು ಬೇಡ. ಮೆಟ್ಟು ಆಯಿಲ್ ಹಿಡಿದು ಜಾರುತ್ತಿರುತ್ತದೆ, ಜಾರಿದರೆ ಫುಟ್‌ರೆಸ್ಟಿಗೆ ಮೊಣಕಾಲ ಕೆಳಗಿನ ಮೂಳೆ ಬಡಿಯುತ್ತದೆ. ಆ ನೋವು ಬುಲೆಟ್ ಇಟ್ಟವರಿಗೆಲ್ಲ ಗೊತ್ತು.

ಗಟ್ಟಿಯಾದ ಸಮತಟ್ಟು ನೆಲ ಬೇಕು. ಸಿಮೆಂಟ್ ನೆಲ ಎಲ್ಲಕ್ಕಿಂತ ಒಳ್ಳೆಯದು. ಪಾಲಿಶ್ ಮಾಡಿದ ಗ್ರಾನೈಟ್, ಟೈಲ್ಸ್ ಹಾಕಿದ ಪೋರ್ಟಿಕೋಗಳಲ್ಲಿ ಸ್ಟ್ಯಾಂಡಿನ ಪಾದ ಹಿಡಿತ ಸಿಗದೆ ಜಾರಿ ಹೋಗುತ್ತದೆ. ಅಂಥ ಕಡೆ ಪಾದದ ಕೆಳಗೆ ಹಳೆ ರಬ್ಬರ್ ಮ್ಯಾಟ್ ಹಾಸಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಮೆತ್ತಗಾದ ಟಾರ್ ರಸ್ತೆ, ಮಳೆಯಲ್ಲಿ ನೆನೆದ ಮಣ್ಣು, ಇವೆರಡೂ ಬೇಡವೇ ಬೇಡ. ಹಾಕುವಾಗ ಸರಿಯಾಗೇ ನಿಂತಿರುತ್ತದೆ, ಒಂದು ಗಂಟೆ ಬಿಟ್ಟು ಒಂದು ಪಾದ ಒಳಗಿಳಿದು ಗಾಡಿ ಮಗುಚಿರುತ್ತದೆ.

ಮುಕ್ಕಾಲು ಇಂಚು ದಪ್ಪದ ಒಂದು ಹಲಗೆ. ಉದ್ದ ಒಂದೂವರೆ ಅಡಿ, ಅಗಲ ಟೈರಿಗಿಂತ ಎರಡರಷ್ಟು ಇದ್ದರೆ ಸಾಕು. ಯಾವ ಬಡಗಿಯ ಹತ್ತಿರ ಕೇಳಿದರೂ ಕಟ್ಟಿಂಗ್ ತುಂಡು ಕೊಡುತ್ತಾರೆ. ಇದರ ಉಪಯೋಗ ಆಮೇಲೆ.

ಮೊದಲ ಸಲ ಜೊತೆಗೆ ಒಬ್ಬರಿರಲಿ. ಅವರು ಎಳೆಯಲು ಅಲ್ಲ. ಗಾಡಿಯ ಬಲಗಡೆ ನಿಂತು ಆ ಕಡೆ ವಾಲದಂತೆ ಕೈ ಕೊಟ್ಟರೆ ಸಾಕು. ಎಂಜಿನ್ ಬಿಸಿ ಇದ್ದರೆ ಆರಲಿ, ಅವರು ನಿಂತಿರುವುದು ಸೈಲೆನ್ಸರ್ ಪಕ್ಕ.

ಬೆನ್ನುಹುರಿ, ಮಂಡಿ ತೊಂದರೆ ಇರುವವರು, ಹರ್ನಿಯಾ ಆಪರೇಷನ್ ಆದವರು ಇದನ್ನು ಕಲಿಯುವುದೇ ಬೇಡ, ಬೇರೆಯವರಿಂದ ಹಾಕಿಸಿ.

ಶುರು ಮಾಡುವ ಮುಂಚೆ ಗಾಡಿ ನೋಡಿ

ಬಗ್ಗಿ ಕೂತು ಸ್ಟ್ಯಾಂಡನ್ನು ಕೈಯಿಂದ ಅಲ್ಲಾಡಿಸಿ. ಸ್ವಲ್ಪ ಆಟ ಇರುವುದು ಸಹಜ. ಒಂದು ಬೆರಳಗಲ ಎಡಕ್ಕೂ ಬಲಕ್ಕೂ ಲೊಡಲೊಡ ಅಂದರೆ ಪಿನ್ನೋ ಬುಶ್ಶೋ ಸವೆದಿದೆ ಅಂತ ಅರ್ಥ. (ಬುಶ್ ಅಂದರೆ ಪಿನ್ನು ತಿರುಗುವ ಜಾಗದಲ್ಲಿ ಸವೆಯಲಿ ಅಂತಲೇ ಕೂರಿಸಿದ ಲೋಹದ ಕೊಳವೆ.) ಸ್ಪ್ರಿಂಗ್ ಸರಿಯಾಗಿ ಸಿಕ್ಕಿಕೊಂಡಿದೆಯಾ, ಕೊಕ್ಕೆಯ ಹತ್ತಿರ ಸೀಳು ಬಿಟ್ಟಿದೆಯಾ ನೋಡಿ. ಮೆಟ್ಟಿನ ಬುಡದಲ್ಲಿ ವೆಲ್ಡಿಂಗ್ ಬಿರುಕು ಬಿಟ್ಟಿದ್ದರೆ ತುಳಿಯುವಾಗಲೇ ಮುರಿಯಬಹುದು. ಹಳೆ ಗಾಡಿಯಲ್ಲಿ ಆ ಜಾಗ ಒಂದಲ್ಲ ಒಂದು ಸಲ ವೆಲ್ಡಿಂಗ್ ಕಂಡೇ ಇರುತ್ತದೆ, ಅದರಲ್ಲಿ ತಪ್ಪೇನಿಲ್ಲ. ವೆಲ್ಡಿಂಗ್ ಗಟ್ಟಿ ಇದೆಯಾ ಅನ್ನುವುದಷ್ಟೇ ಮುಖ್ಯ.

ಆಮೇಲೆ ಹಿಂದಿನ ಟೈರಿನ ಗಾಳಿ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಾಳಿ ಕಮ್ಮಿ ಇದ್ದರೆ ಗಾಡಿಯ ಹಿಂಭಾಗ ಕೆಳಗೆ ಕೂತಿರುತ್ತದೆ. ಎಷ್ಟು ಕೂತಿರುತ್ತದೋ ಅಷ್ಟನ್ನೂ ನೀವೇ ಮೇಲೆ ಹತ್ತಿಸಬೇಕು. ಹಿಂದೆ 28 ಪಿಎಸ್‌ಐ ಸುತ್ತಮುತ್ತ ಇರಲಿ. ಸೋತುಹೋದ ಶಾಕ್ ಅಬ್ಸಾರ್ಬರ್‌ಗಳದ್ದೂ ಇದೇ ಕಥೆ. "ಮುಂಚೆ ಸಲೀಸಾಗಿ ಬರುತ್ತಿತ್ತು, ಈಗ ಬರುತ್ತಿಲ್ಲ" ಅನ್ನುವವರು ಮೊದಲು ಈ ಎರಡನ್ನು ನೋಡಿ. ಹಿಂದೆ ಬ್ಯಾಗು, ಪೆಟ್ಟಿಗೆ ಕಟ್ಟಿದ್ದರೆ ಬಿಚ್ಚಿ ಕೆಳಗಿಡಿ.

ಈಗ ಹಂತಗಳು

1. ಗಾಡಿ ಎಲ್ಲಿ ನಿಲ್ಲಬೇಕೋ ಅದಕ್ಕಿಂತ ಅರ್ಧ ಅಡಿ ಮುಂದೆ ನಿಲ್ಲಿಸಿ, ಯಾಕೆಂದರೆ ಅದು ಹಿಂದಕ್ಕೆ ಸರಿಯುತ್ತದೆ. ಹಿಂದೆ ಗೋಡೆ, ಹೂವಿನ ಕುಂಡ, ನಾಯಿಮರಿ ಏನೂ ಇರಬಾರದು. ನೆಲ ಸ್ವಲ್ಪ ಇಳಿಜಾರಿದ್ದರೆ ಗಾಡಿಯ ಮುಖ ಏರಿನ ಕಡೆ ಇರಲಿ. ಆಗ ಹಿಂದಕ್ಕೆ ಸರಿಯುವುದು ಸುಲಭ, ನಿಂತ ಮೇಲೆ ತಾನಾಗಿ ಮುಂದಕ್ಕೆ ಉರುಳಿ ಸ್ಟ್ಯಾಂಡಿನಿಂದ ಇಳಿಯುವ ಭಯವೂ ಇಲ್ಲ. ಮುಖ ಇಳಿಜಾರಿನ ಕಡೆ ಮಾಡಿ ಡಬಲ್ ಸ್ಟ್ಯಾಂಡ್ ಯಾವತ್ತೂ ಹಾಕಬೇಡಿ. ಪಕ್ಕಕ್ಕೆ ಇಳಿಜಾರಿದ್ದರೆ ಜಾಗವನ್ನೇ ಬದಲಾಯಿಸಿ.

2. ಎಂಜಿನ್ ಆಫ್ ಮಾಡಿ. ನ್ಯೂಟ್ರಲ್‌ಗೆ ತನ್ನಿ. ಹಳೆ ಬುಲೆಟ್ಟಿನಲ್ಲಿ ಗೇರ್ ಬಾಕ್ಸಿನ ಮೇಲೆ ಗೇರ್ ಲಿವರ್ ಪಕ್ಕ ಇನ್ನೊಂದು ಪುಟ್ಟ ಲಿವರ್ ಇರುತ್ತದೆ, ಅದು ನ್ಯೂಟ್ರಲ್ ಫೈಂಡರ್. ಕ್ಲಚ್ ಹಿಡಿದು ಹಿಮ್ಮಡಿಯಲ್ಲಿ ಅದನ್ನು ಒತ್ತಿದರೆ ಎರಡು, ಮೂರು, ನಾಲ್ಕನೇ ಗೇರಿನಿಂದ ನೇರ ನ್ಯೂಟ್ರಲ್‌ಗೆ ಬರುತ್ತದೆ. ಮೊದಲನೇ ಗೇರಿನಿಂದ ಬರುವುದಿಲ್ಲ. ಬಂತೋ ಇಲ್ಲವೋ ಅಂತ ಗಾಡಿಯನ್ನು ಒಂದು ಅಡಿ ಹಿಂದೆ ಮುಂದೆ ತಳ್ಳಿ ಖಾತ್ರಿ ಮಾಡಿಕೊಳ್ಳಿ. ಗೇರಿನಲ್ಲಿದ್ದರೆ ಹಿಂದಿನ ಚಕ್ರ ತಿರುಗಲ್ಲ, ಚಕ್ರ ತಿರುಗದಿದ್ದರೆ ಗಾಡಿ ಹಿಂದಕ್ಕೆ ಬರಲ್ಲ.

3. ಸೈಡ್ ಸ್ಟ್ಯಾಂಡ್ ಹಾಕಿ ಇಳಿದು ಎಡಗಡೆ ನಿಲ್ಲಿ. ಹ್ಯಾಂಡಲ್ ನೇರ ಮಾಡಿ. ಹ್ಯಾಂಡಲ್ ಲಾಕ್ ಆಗಿರಬಾರದು. ಎಡಗಡೆಯ ಹಿಂದಿನ ಫುಟ್‌ರೆಸ್ಟ್ ಮಡಚಿ. ಕಲಿಯುವವರು ಸೈಡ್ ಸ್ಟ್ಯಾಂಡನ್ನು ಹಾಗೇ ಬಿಟ್ಟಿರಿ, ಗಾಡಿ ನಿಮ್ಮ ಕಡೆ ವಾಲಿದರೆ ಅದು ತಡೆಯುತ್ತದೆ. ನಿಮ್ಮ ಗಾಡಿಯಲ್ಲಿ ಅದು ಕಾಲಿಗೆ ಅಡ್ಡ ಬರುವ ಹಾಗಿದ್ದರೆ ಮಾತ್ರ ಮಡಚಿ.

4. ಎಡಗೈ ಹ್ಯಾಂಡಲ್ಲಿನ ಎಡ ಹಿಡಿಯ ಮೇಲೆ. ಬಲಗೈಗೆ ಗಟ್ಟಿ ಹಿಡಿ ಹುಡುಕಿಕೊಳ್ಳಿ. ಕೆಲವು ಬುಲೆಟ್‌ಗಳಲ್ಲಿ ಸೀಟಿನ ಹಿಂದೆ ಎಡಬದಿಗೆ ಇದಕ್ಕೆ ಅಂತಲೇ ಕೊಟ್ಟ ಹಿಡಿ ಇರುತ್ತದೆ. ಇಲ್ಲದಿದ್ದರೆ ಸೀಟಿನ ಕೆಳಗೆ, ಶಾಕ್ ಅಬ್ಸಾರ್ಬರ್ ಮೇಲ್ತುದಿ ಸಿಕ್ಕಿಸಿದ ಜಾಗದ ಹತ್ತಿರ, ಚಾಸಿಸ್ಸಿನ ಕೊಳವೆಯನ್ನೇ ಹಿಡಿಯಿರಿ.

ಇಲ್ಲೊಂದು ಎಚ್ಚರಿಕೆ. ಎಡಗಡೆ ಕೈಗೆ ಮೊದಲು ಸಿಗುವುದು ಸೀರೆ ಗಾರ್ಡ್. ಅದು ಹಿಂದೆ ಕೂತವರ ಸೀರೆ, ದುಪಟ್ಟಾ ಚಕ್ರಕ್ಕೆ ಸಿಗದಿರಲಿ ಅಂತ ಹಾಕಿದ್ದು, 165 ಕಿಲೋ ಎಳೆಯಲು ಅಲ್ಲ. ಸಣ್ಣ ಬೋಲ್ಟುಗಳ ಮೇಲೆ ನಿಂತಿರುತ್ತದೆ, ಎಳೆದರೆ ಬಗ್ಗಿ ಟೈರಿಗೆ ಉಜ್ಜುತ್ತದೆ. ಸೀಟಿನ ಅಂಚು, ಇಂಡಿಕೇಟರ್, ಟೈಲ್ ಲ್ಯಾಂಪ್ ಹಿಡಿದು ಎಳೆಯುವವರಿಗೂ ಇದೇ ಮಾತು.

5. ಗಾಡಿಯನ್ನು ಸೈಡ್ ಸ್ಟ್ಯಾಂಡಿನಿಂದ ಎತ್ತಿ ನೆಟ್ಟಗೆ ಮಾಡಿ. ಬಲ ತೊಡೆ, ಸೊಂಟ ಸೀಟಿಗೆ ತಾಗುವಷ್ಟು ಹತ್ತಿರ ನಿಲ್ಲಿ. ದೂರ ನಿಂತು ಕೈ ಚಾಚಿದರೆ ಭಾರವೆಲ್ಲ ಬೆನ್ನಿಗೆ ಬೀಳುತ್ತದೆ. ಕೂದಲೆಳೆಯಷ್ಟು ನಿಮ್ಮ ಕಡೆ ವಾಲಿದ್ದರೂ ಪರವಾಗಿಲ್ಲ, ಆ ಕಡೆ ಮಾತ್ರ ವಾಲಬಾರದು. ನಿಮ್ಮ ಕಡೆ ವಾಲಿದರೆ ತೊಡೆ ಕೊಟ್ಟು ತಡೆಯಬಹುದು. ಆ ಕಡೆ ವಾಲಿದರೆ ತಡೆಯುವುದು ಕಷ್ಟ.

6. ಬಲಗಾಲನ್ನು ಮೆಟ್ಟಿನ ಮೇಲಿಟ್ಟು ಸ್ಟ್ಯಾಂಡನ್ನು ಕೆಳಗೆ ಒತ್ತಿ. ಪಾದದ ನಡುಭಾಗ ಮೆಟ್ಟಿನ ಮೇಲಿರಲಿ, ಬೆರಳ ತುದಿ ಅಲ್ಲ. ಸ್ಟ್ಯಾಂಡು ನೆಲಕ್ಕೆ ತಾಗುವವರೆಗೆ ಸುಮ್ನೆ ಒತ್ತಿದರೆ ಸಾಕು.

7. ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಆತುರ ಬೇಡ. ಸ್ಟ್ಯಾಂಡಿನ ಒಂದು ಪಾದ ನೆಲಕ್ಕೆ ತಾಗಿದಾಗ ನಿಮ್ಮ ಕಾಲಿಗೆ ಟಿಕ್ ಅಂತ ಗೊತ್ತಾಗುತ್ತದೆ. ಗಾಡಿಯನ್ನು ಚೂರು ಆ ಕಡೆ ಈ ಕಡೆ ಅಲ್ಲಾಡಿಸಿ ಎರಡನೇ ಪಾದವೂ ತಾಗಿಸಿ. ಎರಡೂ ತಾಗಿದ ಮೇಲೆ ಗಾಡಿ ಇದ್ದಕ್ಕಿದ್ದಂತೆ ಸ್ಥಿರವಾಗುತ್ತದೆ, ಎಡಗೈಗೆ ಹ್ಯಾಂಡಲ್ ಹಗುರ ಅನ್ನಿಸುತ್ತದೆ. ಈ ಹೊತ್ತಿನಲ್ಲಿ ಮೆಟ್ಟಿನ ಮೇಲೆ ಕಾಲು ಬಿಗಿಯಾಗಿದ್ದರೆ ಗಾಡಿ ಯಾವ ಕಡೆಗೂ ಬೀಳುವುದಿಲ್ಲ. ಒಂದೇ ಪಾದ ತಾಗಿರುವಾಗ ತುಳಿದರೆ ಗಾಡಿ ತಿರುಚಿಕೊಂಡು ಪಕ್ಕಕ್ಕೆ ಹೋಗುತ್ತದೆ. ಬುಲೆಟ್ ಬೀಳಿಸಿದವರಲ್ಲಿ ಮುಕ್ಕಾಲು ಪಾಲು ಜನ ಬೀಳಿಸಿರುವುದು ಈ ಹಂತದಲ್ಲೇ ಅಂತ ನನ್ನ ಅಂದಾಜು.

8. ಈಗ ಮೈಭಾರ ಪೂರ್ತಿ ಬಲಗಾಲಿನ ಮೇಲೆ ಹಾಕಿ. ಒದೆಯಬೇಡಿ, ಮೆಟ್ಟಿನ ಮೇಲೆ ಎದ್ದು ನಿಲ್ಲಿ. ಮನೆಯ ಎತ್ತರದ ಮೆಟ್ಟಿಲು ಹತ್ತುವಾಗ ಕಾಲು ಹೇಗೆ ನೆಟ್ಟಗೆ ಮಾಡುತ್ತೀರೋ ಹಾಗೆ. ಎಡಗಾಲು ನೆಲ ಬಿಟ್ಟು ಅರ್ಧ ಇಂಚು ಮೇಲೆದ್ದರೂ ಸರಿ. ಅದೇ ಹೊತ್ತಿಗೆ ಬಲಗೈಯಿಂದ ಗಾಡಿಯನ್ನು ಹಿಂದಕ್ಕೆ ಮತ್ತು ಚೂರು ಮೇಲಕ್ಕೆ ದಾರಿ ತೋರಿಸಿ. ದಾರಿ ತೋರಿಸಿ ಅಂದೆ, ಎಳೆಯಿರಿ ಅನ್ನಲಿಲ್ಲ. ಬೆನ್ನು ನೇರ ಇರಲಿ, ನೋಟ ಮುಂದಿರಲಿ, ಕೆಳಗೆ ಕಾಲಿನ ಕಡೆ ಬಗ್ಗಿ ನೋಡಬೇಡಿ.

9. ಟಕ್ ಅನ್ನುವವರೆಗೆ ಕಾಲು ತೆಗೆಯಬೇಡಿ. ಕೂತ ಮೇಲೆ ಎಡಗೈ ಹ್ಯಾಂಡಲ್ ಬಿಡದೆ, ಬಲಗೈಯಿಂದ ಗಾಡಿಯನ್ನು ಚೂರು ಅಲ್ಲಾಡಿಸಿ ನೋಡಿ. ಎರಡೂ ಪಾದ ಗಟ್ಟಿ ನಿಂತಿವೆಯಾ? ಹಾಗಾದರೆ ಕೈ ಬಿಡಿ. ಸೈಡ್ ಸ್ಟ್ಯಾಂಡ್ ಮಡಚಿ.

ಪದೇ ಪದೇ ಆಗುವ ತಪ್ಪುಗಳು

ಮೊದಲನೆಯದು ಮುಂದಿನ ಬ್ರೇಕು. ಭಯಕ್ಕೆ ಜನ ಬಲಗೈಯನ್ನು ಬ್ರೇಕ್ ಲಿವರ್ ಮೇಲಿಟ್ಟು ಗಟ್ಟಿಯಾಗಿ ಹಿಡಿದಿರುತ್ತಾರೆ. ಆಗ ಹಿಂದಕ್ಕೆ ಸರಿಯಬೇಕಾದ ಗಾಡಿಯನ್ನು ಅವರೇ ಕಟ್ಟಿಹಾಕಿದ ಹಾಗಾಯಿತು ಅಲ್ವಾ? ಮೇಲೆ ಹೇಳಿದ ಹಾಗೆ ಬಲಗೈ ಹಿಂದೆ ಇದ್ದರೆ ಈ ತಪ್ಪು ಆಗುವ ಸಾಧ್ಯತೆಯೇ ಇಲ್ಲ. ಸಹಾಯಕ್ಕೆ ಬಂದವರು ಬಲಗಡೆ ನಿಂತು ಒಳ್ಳೆಯ ಮನಸ್ಸಿನಿಂದ ಬ್ರೇಕ್ ಹಿಡಿದುಬಿಡುತ್ತಾರೆ, ಅವರಿಗೂ ಹೇಳಿಡಿ.

ಎರಡನೆಯದು ಕೈಬಲ. ತೋಳು ನೋಯುತ್ತಿದೆ ಅಂದರೆ ಮಾಡುತ್ತಿರುವುದು ತಪ್ಪು. ನಿಮ್ಮ ಐವತ್ತೈದೋ ಅರವತ್ತೋ ಕಿಲೋ ಪೂರ್ತಿ ಮೆಟ್ಟಿನ ಮೇಲೆ ಬಿದ್ದರೆ ಅಷ್ಟೇ ಸಾಕು. ಅರ್ಧ ಭಾರ ಎಡಗಾಲಿನಲ್ಲೇ ಉಳಿಸಿಕೊಂಡು ಇನ್ನರ್ಧದಿಂದ ತುಳಿದರೆ ಸಾಲುವುದಿಲ್ಲ.

ಮೂರನೆಯದು, ಮೆಟ್ಟಿನ ಮೇಲೆ ಹಾರಿ ಕುಟ್ಟುವುದು. ಬಂದರೂ ಬರಬಹುದು, ಆದರೆ ವೆಲ್ಡಿಂಗ್ ಹೋಗುವುದು ಹೀಗೇ, ಕಾಲು ಜಾರುವುದೂ ಹೀಗೇ.

ಇನ್ನು ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವುದು. ಮಕ್ಕಳು ಮುಂದಕ್ಕೆ ಜಗ್ಗುತ್ತಾರೆ, ಗಾಡಿ ಮುಂದಕ್ಕೆ ಇಳಿಯುತ್ತದೆ. ಬೇಡ.

ಆದರೂ ಹತ್ತುತ್ತಿಲ್ಲವೇ? ಹಲಗೆ ತನ್ನಿ

ಹಿಂದಿನ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿ ನಿಲ್ಲಿಸಿ. ಸ್ಟ್ಯಾಂಡಿನ ಪಾದಗಳು ನೆಲದ ಮೇಲೇ ಇರಬೇಕು. ಚಕ್ರ ಮುಕ್ಕಾಲು ಇಂಚು ಮೇಲೆ ಬಂತು ಅಂದರೆ ಗಾಡಿ ಹತ್ತಬೇಕಾದ ಎತ್ತರ ಅಷ್ಟು ಕಮ್ಮಿಯಾಯಿತು. ಅದೂ ಎಲ್ಲಕ್ಕಿಂತ ಭಾರವಾದ ಮೊದಲ ಭಾಗವೇ ಕಮ್ಮಿಯಾಗುತ್ತದೆ. ವ್ಯತ್ಯಾಸ ನೋಡಿದರೆ ನಗು ಬರುತ್ತದೆ, ಅಷ್ಟು ಸುಲಭವಾಗುತ್ತದೆ.

ಚಕ್ರವನ್ನು ಹಲಗೆಯ ಮುಂದಿನ ಅಂಚಿನ ಹತ್ತಿರ ನಿಲ್ಲಿಸಿ. ಗಾಡಿ ಹಿಂದಕ್ಕೆ ಸರಿಯುತ್ತದಲ್ಲ, ಹಿಂದೆ ಹಲಗೆ ಉಳಿದಿರಬೇಕು. ಹಲಗೆ ಜಾರುತ್ತಿದ್ದರೆ ಅಡಿಗೆ ಹಳೆ ಟ್ಯೂಬಿನ ತುಂಡು ಹೊಡೆಯಿರಿ. ತೀರಾ ದಪ್ಪ ಹಲಗೆ ಹಾಕಿದರೆ ಸ್ಟ್ಯಾಂಡಿನ ಪಾದ ನೆಲಕ್ಕೆ ಗಟ್ಟಿಯಾಗಿ ಕೂರುವುದೇ ಇಲ್ಲ, ಗಾಡಿ ಹಲಗೆ ಮೇಲೇ ನಿಂತಿರುತ್ತದೆ. ಒಂದು ಇಂಚು ದಾಟಬೇಡಿ. ಗಾಡಿ ನಿಂತ ಮೇಲೆ ಹಲಗೆ ಎಳೆದು ತೆಗೆದುಬಿಡಿ.

ಮೆತ್ತನೆ ನೆಲದಲ್ಲಿ ವಿಧಿಯಿಲ್ಲದೆ ಹಾಕಲೇಬೇಕಾದರೆ ಸ್ಟ್ಯಾಂಡಿನ ಪಾದದ ಕೆಳಗೂ ಹಲಗೆ ಬೇಕು. ಆಗ ಹಿಂದಿನ ಚಕ್ರದ ಕೆಳಗೂ ಅಷ್ಟೇ ದಪ್ಪದ್ದು ಇಡಲೇಬೇಕು, ಇಲ್ಲದಿದ್ದರೆ ಹತ್ತಬೇಕಾದ ಎತ್ತರವನ್ನು ನೀವೇ ಜಾಸ್ತಿ ಮಾಡಿಕೊಂಡ ಹಾಗೆ.

ಜಾವಾ, ಯೆಜ್ಡಿ ಇರುವವರಿಗೆ

1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಈ ಗಾಡಿಗಳು ಬುಲೆಟ್‌ಗಿಂತ ಹಗುರ, 140 ಕಿಲೋ ಆಸುಪಾಸು. ಆದ್ದರಿಂದ ಕಷ್ಟ ಕಮ್ಮಿ. ಆದರೆ 250 ಸಿಸಿ ಗಾಡಿಗಳಲ್ಲಿ ಸೈಲೆನ್ಸರ್ ಎರಡೂ ಕಡೆ ಇರುತ್ತದೆ. ನೀವು ಎಡಗಡೆ ನಿಂತು ಕಾಲು ಇಡುವುದು ಸೈಲೆನ್ಸರ್ ಪಕ್ಕದಲ್ಲೇ. ಈಗಷ್ಟೇ ಓಡಿಸಿ ಬಂದಿದ್ದರೆ ಚಡ್ಡಿಯಲ್ಲಿ, ಪಂಚೆಯಲ್ಲಿ ಈ ಕೆಲಸಕ್ಕೆ ಹೋಗಬೇಡಿ. ಇನ್ನೊಂದು, ಇದರಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ, ಅದೂ ಎಡಗಡೆ. ಕಾಲು ಎತ್ತಿಡುವಾಗ ಅದಕ್ಕೆ ತಾಗಿ ಗೇರ್ ಬಿದ್ದಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ. ಹತ್ತುತ್ತಿಲ್ಲ ಅಂದರೆ ಮೊದಲು ನ್ಯೂಟ್ರಲ್ ನೋಡಿ.

ಇಳಿಸುವುದು

ಇದು ಸುಲಭ ಅಂತ ಜನ ಉಡಾಫೆ ಮಾಡುತ್ತಾರೆ. ಹಾಕುವಾಗ ಬೀಳದ ಗಾಡಿ ಇಳಿಸುವಾಗ ಬೀಳುತ್ತದೆ.

1. ಕೆಳಗೆ ಹಲಗೆ, ಕಲ್ಲು, ಸ್ಪ್ಯಾನರ್ ಬಿಟ್ಟಿಲ್ಲ ಅಂತ ನೋಡಿ. ಮುಂದೆ ಎರಡು ಅಡಿ ಖಾಲಿ ಇರಲಿ. ನ್ಯೂಟ್ರಲ್‌ನಲ್ಲಿದೆಯಾ ನೋಡಿ.

2. ಎಡಗಡೆಯೇ ನಿಲ್ಲಿ. ಸೈಡ್ ಸ್ಟ್ಯಾಂಡ್ ಪೂರ್ತಿ ತೆರೆಯಿರಿ. ಇಳಿದ ಗಾಡಿ ನಿಮ್ಮ ಕಡೆ ವಾಲಿದರೆ ಅದರ ಮೇಲೆ ನಿಲ್ಲುತ್ತದೆ.

3. ಈ ಸಲ ಎರಡೂ ಕೈ ಹ್ಯಾಂಡಲ್ ಮೇಲೆ. ಬಲಗೈ ಆ ಕಡೆಯ ಮುಂದಿನ ಬ್ರೇಕ್ ಲಿವರ್‌ಗೆ ಸಿಗುವ ಹಾಗಿರಲಿ, ಆದರೆ ಈಗಲೇ ಹಿಡಿಯಬೇಡಿ. ಸೊಂಟ ಸೀಟಿಗೆ ಒತ್ತಿರಲಿ.

4. ಒಂದೇ ಸಮನೆ ಮುಂದಕ್ಕೆ ತಳ್ಳಿ. ಬರದಿದ್ದರೆ ಸ್ವಲ್ಪ ಹಿಂದಕ್ಕೆ ತೂಗಿ, ಆ ತೂಗಾಟದಲ್ಲೇ ಮುಂದಕ್ಕೆ ತಳ್ಳಿ. ಹಿಂದಿನ ಚಕ್ರ ಧಪ್ ಅಂತ ನೆಲ ಮುಟ್ಟಿದ ಕೂಡಲೇ ಮುಂದಿನ ಬ್ರೇಕ್ ಹಿಡಿಯಿರಿ. ಮೃದುವಾಗಿ ಹಿಡಿಯಿರಿ, ಹ್ಯಾಂಡಲ್ ನೇರ ಇರಲಿ. ಹ್ಯಾಂಡಲ್ ತಿರುಗಿದ್ದಾಗ ಝಾಡಿಸಿ ಬ್ರೇಕ್ ಹಿಡಿದರೆ ಗಾಡಿ ಅಲ್ಲೇ ಮಲಗುತ್ತದೆ.

5. ನಿಧಾನಕ್ಕೆ ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿ. ಹೊರಡುವ ಮುಂಚೆ ಎರಡೂ ಸ್ಟ್ಯಾಂಡ್ ಮೇಲೆ ಹೋಗಿವೆಯಾ ನೋಡಿ. ಈಗಿನ ಗಾಡಿಗಳ ಹಾಗೆ ಸೈಡ್ ಸ್ಟ್ಯಾಂಡ್ ಹಾಕಿದ್ದರೆ ಎಂಜಿನ್ ಆಫ್ ಆಗುವ ಸ್ವಿಚ್ಚು ಇವುಗಳಲ್ಲಿ ಇಲ್ಲ.

ಗಾಡಿಯ ಮೇಲೆ ಕೂತೇ ಮುಂದಕ್ಕೆ ಜಗ್ಗಿ ಇಳಿಸುವುದು ಗತ್ತಿನ ಕೆಲಸ. ಎರಡೂ ಕಾಲು ನೆಲಕ್ಕೆ ಚೆನ್ನಾಗಿ ಎಟುಕುವವರು ಮಾಡಬಹುದು. ನಿಮ್ಮ ಭಾರವೂ ಸ್ಟ್ಯಾಂಡಿನ ಮೇಲೆ ಬೀಳುವುದರಿಂದ ಪಿನ್ನು ಬೇಗ ಸವೆಯುತ್ತದೆ, ಅದು ಗೊತ್ತಿರಲಿ.

ಬಿದ್ದೇಬಿಟ್ಟರೆ

ಬೀಳಲು ಶುರುವಾದ ಬುಲೆಟ್ಟನ್ನು ಹಿಡಿಯಲು ಹೋಗಬೇಡಿ. ಕೈ ಬಿಡಿ, ಹಿಂದೆ ಸರಿಯಿರಿ. ಲೆಗ್ ಗಾರ್ಡು ಬಗ್ಗಿದರೆ ನೆಟ್ಟಗೆ ಮಾಡಬಹುದು, ಮಂಡಿ ಹಾಗಲ್ಲ.

ಬಿದ್ದ ಕೂಡಲೇ ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಕಾರ್ಬುರೇಟರಿನಿಂದ ಪೆಟ್ರೋಲ್ ಹರಿಯುತ್ತಿರುತ್ತದೆ. ಸುತ್ತ ಯಾರೂ ಬೀಡಿ ಸಿಗರೇಟು ಹಚ್ಚಬಾರದು. ಹಳೆ ಮಾದರಿ ನೀರಿನ ಬ್ಯಾಟರಿ ಇದ್ದರೆ ಆಸಿಡ್ ಕೂಡ ಸೋರಿರಬಹುದು, ಬರಿಗೈಯಲ್ಲಿ ಮುಟ್ಟಬೇಡಿ. ಗಾಡಿ ಉರುಳದಿರಲು ಮೊದಲನೇ ಗೇರಿಗೆ ಹಾಕಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಈಗಲೇ ತೆರೆದಿಡಿ, ಎತ್ತಿದ ಮೇಲೆ ಆ ಕಡೆ ಮಗುಚದೆ ನಿಲ್ಲುತ್ತದೆ. ಆಮೇಲೆ ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟ ಒತ್ತಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿರುವ ಹ್ಯಾಂಡಲ್ ಹಿಡಿ, ಇನ್ನೊಂದು ಕೈಯಲ್ಲಿ ಸೀಟಿನ ಕೆಳಗಿನ ಚಾಸಿಸ್ ಹಿಡಿದು, ಕಾಲಿನ ಬಲದಲ್ಲಿ ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕೆ ಇಡುತ್ತಾ ಎತ್ತಿ. ಜನ ಇದ್ದರೆ ಕರೆಯಿರಿ, ನಮ್ಮ ಊರುಗಳಲ್ಲಿ ಬುಲೆಟ್ ಬಿದ್ದರೆ ಕರೆಯದಿದ್ದರೂ ನಾಲ್ಕು ಜನ ಬರುತ್ತಾರೆ.

ಹಿಂದಿನ ಸ್ಟ್ಯಾಂಡ್ ಇರುವ ಗಾಡಿಗಳು

ಬಿಎಸ್ಎ ಎಂ20ಯಂಥ ಯುದ್ಧಕಾಲದ ಬ್ರಿಟಿಷ್ ಗಾಡಿ ಇಟ್ಟುಕೊಂಡವರೂ ಕೇಳುತ್ತಾರೆ. ಅದರಲ್ಲಿ ಸ್ಟ್ಯಾಂಡ್ ಇರುವುದು ಹಿಂದಿನ ಚಕ್ರದ ಹತ್ತಿರ, ಮಡಚಿ ಮಡ್‌ಗಾರ್ಡಿಗೆ ಸಿಕ್ಕಿಸಿರುತ್ತಾರೆ. ಅಲ್ಲಿ ಗಾಡಿಯ ಹಿಂಭಾಗವನ್ನು ನಿಜಕ್ಕೂ ಎತ್ತಿಯೇ ಹಿಂದಕ್ಕೆ ಎಳೆಯಬೇಕಾಗುತ್ತದೆ. ಒಬ್ಬರೇ ಮಾಡಬೇಡಿ. ಹಿಂದಿನ ಚಕ್ರ ಹಲಗೆ ಮೇಲೆ ಹತ್ತಿಸಿ, ಒಬ್ಬರು ಹ್ಯಾಂಡಲ್ ಹಿಡಿದು ನಿಲ್ಲಿ, ಇನ್ನೊಬ್ಬರು ಹಿಂದಿನಿಂದ ಎಳೆಯಿರಿ.

ಸ್ಟ್ಯಾಂಡಿನ ಆರೈಕೆ

ಪಿನ್ನಿಗೆ ಗ್ರೀಸ್ ಹಾಕಿ. ಸರ್ವಿಸ್ ಮಾಡುವವರಿಗೆ ಬಾಯಿಬಿಟ್ಟು ಹೇಳದಿದ್ದರೆ ಯಾರೂ ಹಾಕುವುದಿಲ್ಲ, ಅದು ಕಣ್ಣಿಗೆ ಬೀಳುವ ಜಾಗವೇ ಅಲ್ಲ. ತುಕ್ಕು ಹಿಡಿದ ಪಿನ್ನು ನಿಮ್ಮ ಅರ್ಧ ಬಲ ತಿಂದುಹಾಕುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಸಲ, ಬೇಸಿಗೆಗೆ ಒಂದು ಸಲ ಹಾಕಿದರೆ ಸಾಕು. ಪಾದಗಳು ಸವೆದು ಗಿಡ್ಡವಾದರೆ ಗಾಡಿ ಸುಲಭವಾಗಿ ಹತ್ತುತ್ತದೆ, ಆದರೆ ಹಿಂದಿನ ಚಕ್ರ ನೆಲ ಬಿಡುವುದಿಲ್ಲ, ನಿಲುವೂ ಗಟ್ಟಿ ಇರುವುದಿಲ್ಲ. ವೆಲ್ಡರ್ ಹತ್ತಿರ ಎರಡಕ್ಕೂ ಒಂದೇ ದಪ್ಪದ ಪಟ್ಟಿ ಹಾಕಿಸಿ. ಒಂದಕ್ಕೆ ಮಾತ್ರ ಹಾಕಿಸಿದರೆ ಗಾಡಿ ಯಾವಾಗಲೂ ವಾಲಿಕೊಂಡೇ ನಿಲ್ಲುತ್ತದೆ.

ಸ್ಪ್ರಿಂಗ್ ತುಂಡಾಗಿದ್ದರೆ ತಂತಿ ಕಟ್ಟಿ ಓಡಿಸಬೇಡಿ. ಓಡುವಾಗ ಸ್ಟ್ಯಾಂಡು ಕೆಳಗೆ ಬಿದ್ದು ತಿರುವಿನಲ್ಲಿ ನೆಲಕ್ಕೆ ಕಚ್ಚಿದರೆ ಗಾಡಿ ನಿಮ್ಮನ್ನು ಎಸೆಯುತ್ತದೆ. ಹೊಸ ಸ್ಪ್ರಿಂಗ್ ಹಾಕಲು ಎಳೆದು ಎಳೆದು ಬೆರಳು ಜಜ್ಜಿಕೊಳ್ಳುವವರಿಗೆ ಒಂದು ಹಳೆ ಉಪಾಯ ಇದೆ. ಸ್ಪ್ರಿಂಗಿನ ಒಂದು ತುದಿಯನ್ನು ವೈಸಿನಲ್ಲಿ (ಗ್ಯಾರೇಜಿನ ಮೇಜಿಗೆ ಹಾಕಿರುವ, ವಸ್ತುವನ್ನು ಬಿಗಿಯಾಗಿ ಹಿಡಿಯುವ ಇಕ್ಕಳ) ಹಿಡಿದು ಪಕ್ಕಕ್ಕೆ ಬಗ್ಗಿಸಿ. ಸುತ್ತುಗಳು ಬಾಯಿ ಬಿಟ್ಟ ಕಡೆ ಒಂದೊಂದೇ ನಾಣ್ಯ ಅಥವಾ ವಾಷರ್ ತೂರಿಸಿ. ಆಮೇಲೆ ಇನ್ನೊಂದು ಪಕ್ಕಕ್ಕೆ ಬಗ್ಗಿಸಿ ಅಲ್ಲೂ ತೂರಿಸಿ. ಸ್ಪ್ರಿಂಗ್ ತಾನಾಗಿ ಉದ್ದವಾಗುತ್ತದೆ, ಎರಡೂ ಕೊಕ್ಕೆ ಕೈಯಲ್ಲೇ ಸಿಕ್ಕಿಸಬಹುದು. ಕಣ್ಣಿಗೆ ಕನ್ನಡಕ ಇರಲಿ, ನಾಣ್ಯ ಹಾರುತ್ತದೆ. ಸಿಕ್ಕಿಸಿದ ಮೇಲೆ ಸ್ಪ್ರಿಂಗ್ ಇನ್ನಷ್ಟು ಹಿಗ್ಗುವ ಕಡೆಗೆ ಸ್ಟ್ಯಾಂಡನ್ನು ತಿರುಗಿಸಿದರೆ ನಾಣ್ಯಗಳು ಉದುರುತ್ತವೆ. ಎಷ್ಟು ಹಾಕಿದ್ದಿರೋ ಅಷ್ಟೂ ಕೆಳಗೆ ಬಿದ್ದಿವೆಯಾ ಅಂತ ಎಣಿಸಿಕೊಳ್ಳಿ. ಒಂದು ಒಳಗೇ ಉಳಿದರೂ ಸ್ಪ್ರಿಂಗ್ ಬೇಗ ಸೋಲುತ್ತದೆ.